ಬೈಕುಲ್ಲಾದ ಸೆಖೆಯಲ್ಲಿ ಪೆಂಗ್ವಿನ್ ಬದುಕೋದು ಹೇಗೆ?

ಊರಿಂದ ಅಕ್ಕನ ಮಕ್ಕಳು ಮುಂಬೈಗೆ ಬಂದ್ರೆ ಎರಡೇ ಬೇಡಿಕೆ: ರೋಲರ್ ಕೋಸ್ಟರ್, ಪೆಂಗ್ವಿನ್. ಮೊದಲನೆಯದಕ್ಕೆ ಖೋಪೋಲಿ ಹತ್ತಿರದ ಇಮ್ಯಾಜಿಕಾವರೆಗೆ ಹೋಗಬೇಕು. ಎರಡನೆಯದು ಬೈಕುಲ್ಲಾ ಸ್ಟೇಷನ್‌ನಿಂದ ನಡೆದೇ ಹೋಗಬಹುದಾದ ರಾಣಿ ಬಾಗ್‌ನಲ್ಲಿದೆ.

2016ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಿಂದ ಎಂಟು ಹಂಬೋಲ್ಟ್ ಪೆಂಗ್ವಿನ್‌ಗಳು ಇಲ್ಲಿಗೆ ಬಂದವು. ಇವು ಹಿಮದ ನಾಡಿನವಲ್ಲ, ಪೆರು ಮತ್ತು ಚಿಲಿ ಕರಾವಳಿಯವು. ಅಲ್ಲಿ ದಡ ಬರೀ ಮರುಭೂಮಿ, ಆದರೆ ಸಮುದ್ರದ ಪ್ರವಾಹ ತಣ್ಣಗಿರುತ್ತೆ. ಆ ತಂಪನ್ನೇ ಇಲ್ಲಿ ಯಂತ್ರಗಳು ಒದಗಿಸುತ್ತವೆ: ಗಾಜಿನ ಕೋಣೆಗೆ ಏಸಿ, ಕೊಳದ ನೀರಿಗೆ ಚಿಲ್ಲರ್ ಮತ್ತು ಫಿಲ್ಟರ್.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದೊಂದು ಡೇಟಾ ಸೆಂಟರ್. ಕರೆಂಟ್ ಹೋದ್ರೆ ರೋಲರ್ ಕೋಸ್ಟರ್‌ನಿಂದ ಜನರನ್ನ ಇಳಿಸಿ ಗೇಟ್ ಹಾಕಬಹುದು. ಇಲ್ಲಿ ಕೂಲಿಂಗ್ ನಿಲ್ಲಿಸಿ ಮನೆಗೆ ಹೋಗೋ ಹಾಗಿಲ್ಲ.

ಆದರೆ ಸರ್ವರ್ ಸತ್ತರೆ ಬ್ಯಾಕಪ್ ಇರುತ್ತೆ, ಜೀವಕ್ಕಿಲ್ಲ. ಬಂದ ವರ್ಷವೇ ಒಂದು ಪೆಂಗ್ವಿನ್ ಸತ್ತಿತು. 2018ರ ಆಗಸ್ಟ್ 15ರಂದು ಮೊಟ್ಟೆಯೊಡೆದು ಬಂದ ಮರಿ ಒಂದು ವಾರವಷ್ಟೇ ಬದುಕಿತು. ಮುಂದಿನ ವರ್ಷಗಳಲ್ಲಿ ಹುಟ್ಟಿದ ಮರಿಗಳು ಉಳಿದುಕೊಂಡವು. ಅಷ್ಟು ದೂರದಿಂದ ತಂದದ್ದು ಸರಿಯೇ ಅನ್ನೋ ಪ್ರಶ್ನೆ ಮಾತ್ರ ಹಾಗೇ ಇದೆ. ಅದನ್ನ ಮಕ್ಕಳ ಜೊತೆ ಅಲ್ಲೇ ನಿಂತು ಮಾತಾಡಿ.

ಮಂಗಳೂರಿನ ಪಿಲಿಕುಳದಿಂದಲೂ ಇಲ್ಲಿಗೆ ಚಿರತೆಗಳು ಬಂದಿವೆ, ನಮ್ಮ ಹಾಗೇ ಊರು ಬಿಟ್ಟು! ಬುಧವಾರ ರಜೆ, ನೆನಪಿರಲಿ. ಗಾಜು ಮಾತ್ರ ತಟ್ಟಬೇಡಿ.