ಮುಖಪುಟಕ್ಕೆ ಕಣ್ಣು ಕೊಡುವ ತೀರ್ಪು

ವಿಶ್ವವಿದ್ಯಾಲಯವೊಂದರ ಜಾಲತಾಣ ತೆರೆದಾಗ ಅದು ಚೆನ್ನಾಗಿದೆಯೋ ಇಲ್ಲವೋ ಎಂದು ನಾವು ತೀರ್ಮಾನಿಸಲು ಎಷ್ಟು ಹೊತ್ತು ಬೇಕು? ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಗಿಟ್ಟೆ ಲಿಂಡ್‌ಗಾರ್ಡ್ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಕೆಲವರಿಗೆ ಜಾಲತಾಣಗಳ ಮುಖಪುಟಗಳನ್ನು ಅರ್ಧ ಸೆಕೆಂಡು ತೋರಿಸಿದರು, ಇನ್ನು ಕೆಲವರಿಗೆ 50 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಮಾತ್ರ. ಎರಡೂ ಗುಂಪಿನವರು ಅಂದಕ್ಕೆ ಕೊಟ್ಟ ಅಂಕಗಳು ಬಹುಮಟ್ಟಿಗೆ ಹೊಂದಿಕೊಂಡವು. ಅಷ್ಟರಲ್ಲಿ ಪುಟವನ್ನು ಓದಲಾಗದು. ತೀರ್ಪು ಮಾತ್ರ ಬಂದಾಗಿರುತ್ತದೆ.

ಕಣ್ಣು ಆ ಕ್ಷಣದಲ್ಲಿ ಮೆಚ್ಚುವುದು ಏನನ್ನು? ಸ್ವಿಟ್ಜರ್‌ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯ ಮತ್ತು ಗೂಗಲ್‌ನ ಸಂಶೋಧಕರು 2012ರಲ್ಲಿ ಎರಡು ಗುಣಗಳನ್ನು ಗುರುತಿಸಿದರು: ಗೊಂದಲ ಕಡಿಮೆ ಇರಬೇಕು, ಮತ್ತು ಪುಟ ತನ್ನ ಜಾತಿಯ ಇತರ ಪುಟಗಳಂತೆ ಪರಿಚಿತವಾಗಿ ಕಾಣಬೇಕು. ಹೊಸತನಕ್ಕಾಗಿ ಎಲ್ಲವನ್ನೂ ತಲೆಕೆಳಗು ಮಾಡುವ ವಿನ್ಯಾಸಕಾರರು ಇದನ್ನು ಗಮನಿಸುವುದು ಒಳ್ಳೆಯದು. ಪರಿಚಿತ ಪುಟವನ್ನು ಮಿದುಳು ಕಷ್ಟವಿಲ್ಲದೆ ಗ್ರಹಿಸುತ್ತದೆ. ಆ ಸಲೀಸೇ ನಮಗೆ ಅಂದವಾಗಿ ತೋರುತ್ತದೆ ಎಂಬುದು ಮನೋವಿಜ್ಞಾನದ ಒಂದು ವಿವರಣೆ.

ಆದರೆ ಅಂದ ನಮ್ಮನ್ನು ಮರುಳು ಮಾಡುವುದೂ ಉಂಟು. 1995ರಲ್ಲಿ ಜಪಾನಿನ ಕುರೋಸು ಮತ್ತು ಕಶಿಮುರಾ ಎಟಿಎಂ ಪರದೆಗಳ 26 ವಿನ್ಯಾಸಗಳನ್ನು ಜನರ ಮುಂದಿಟ್ಟರು. ಚೆಂದ ಕಂಡವೇ ಬಳಸಲೂ ಸುಲಭ ಎಂದು ಜನ ನಂಬಿದರು. ನಿಜವಾದ ಸುಲಭತೆಗೂ ಆ ನಂಬಿಕೆಗೂ ಇದ್ದ ನಂಟು ದುರ್ಬಲ.

ವಿಶ್ವವಿದ್ಯಾಲಯಗಳು ಎಡವುವುದು ಇಲ್ಲೇ. ಕಟ್ಟಡ, ಘಟಿಕೋತ್ಸವ, ಗಣ್ಯರ ಭೇಟಿಯ ದೊಡ್ಡ ಚಿತ್ರಗಳು ಮುಖಪುಟದ ನೆತ್ತಿಯಲ್ಲಿ ಒಂದಾದ ಮೇಲೊಂದು ಸರಿಯುತ್ತಿರುತ್ತವೆ. ಅಮೆರಿಕದ ನೋಟ್ರ್ ಡೇಮ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಇಂಥ ಜಾರುಚಿತ್ರಗಳ ಲೆಕ್ಕ ಇಟ್ಟಾಗ, ಅವನ್ನು ಒತ್ತಿದವರು ಭೇಟಿ ನೀಡಿದವರಲ್ಲಿ ಶೇ. 1ರ ಆಸುಪಾಸು. ಅದರಲ್ಲೂ ಬಹುಪಾಲು ಮೊದಲ ಚಿತ್ರಕ್ಕೇ ಬಿದ್ದ ಒತ್ತು. ವಿದ್ಯಾರ್ಥಿ ಬಂದಿರುವುದು ಫಲಿತಾಂಶಕ್ಕೆ, ಶುಲ್ಕದ ವಿವರಕ್ಕೆ, ಪರೀಕ್ಷಾ ವೇಳಾಪಟ್ಟಿಗೆ.

ನಮ್ಮಲ್ಲಿ ಓಡುವ ಸುತ್ತೋಲೆಗಳ ಪಟ್ಟಿ, ಮಿನುಗುವ ‘ಹೊಸತು’ ಚೀಟಿ ಈಗಲೂ ಸಾಮಾನ್ಯ. ಕಣ್ಣಂಚಿನಲ್ಲಿ ಏನಾದರೂ ಚಲಿಸಿದರೆ ನೋಟ ತಾನಾಗಿ ಅತ್ತ ಹೊರಳುತ್ತದೆ, ಓದು ತುಂಡಾಗುತ್ತದೆ. ಬಣ್ಣದ್ದೂ ಇದೇ ಪಾಡು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅನುಪಾತ ಕನಿಷ್ಠ 4.5 ಇರಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಪರದೆಯ ಅಚ್ಚ ಹಳದಿಯ ಮೇಲೆ ಅಚ್ಚ ಕೆಂಪಕ್ಷರ ಇಟ್ಟರೆ ಸಿಗುವುದು ಸುಮಾರು 3.7. ನಮ್ಮ ಕನ್ನಡ ಬಾವುಟದ ಈ ಬಣ್ಣಗಳು ಎದೆಗೆ ಎಷ್ಟೇ ಹತ್ತಿರವಾದರೂ ಸಣ್ಣ ಅಕ್ಷರಕ್ಕೆ ಒಗ್ಗುವುದಿಲ್ಲ.

ಎಲ್ಲಕ್ಕಿಂತ ನೋವಿನ ಸಂಗತಿ, ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕುವ ರೂಢಿ. ಅಂಧ ವಿದ್ಯಾರ್ಥಿ ಬಳಸುವ, ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಅದರಲ್ಲಿ ಅಕ್ಷರವೇ ಸಿಗುವುದಿಲ್ಲ. ಯುನಿಕೋಡ್ ಕನ್ನಡದಲ್ಲಿ ಬೆರಳಚ್ಚು ಮಾಡಿ ಹಾಕಿದರೆ ಅದನ್ನು ಹುಡುಕಬಹುದು, ಹಿಗ್ಗಿಸಬಹುದು, ಕೇಳಿಸಿಕೊಳ್ಳಬಹುದು.

ಜಾಲತಾಣ ನವೀಕರಿಸಲು ಹೊರಟಿರುವ ಕುಲಸಚಿವರಲ್ಲಿ ಒಂದು ಕೋರಿಕೆ: ವಿನ್ಯಾಸವನ್ನು ಸಭೆಯ ದೊಡ್ಡ ಪರದೆಯಲ್ಲಿ ನೋಡಿ ಒಪ್ಪಬೇಡಿ. ಮೊದಲ ವರ್ಷದ ವಿದ್ಯಾರ್ಥಿಯೊಬ್ಬಳಿಗೆ ಅವಳದೇ ಮೊಬೈಲಿನಲ್ಲಿ ಪರೀಕ್ಷಾ ವೇಳಾಪಟ್ಟಿ ಹುಡುಕಲು ಹೇಳಿ, ಪಕ್ಕದಲ್ಲಿ ಕೂತು ನೋಡಿ, ಆಮೇಲೆ ಸಹಿ ಹಾಕಿ.