ಪೊರೆ ತೆಗೆಸಿದರಷ್ಟೇ ಸಾಲದು!

‘ಆಪರೇಷನ್ ಆಯ್ತು, ಎದುರಿಗಿರೋ ಬೋರ್ಡು ಓದ್ತೀನಿ. ಪಕ್ಕದಿಂದ ಬರೋ ಬಸ್ಸು ಮಾತ್ರ ಕಾಣಲ್ಲ ಸ್ವಾಮಿ!’ ಹೀಗೆ ಗೊಣಗುವ ಹಿರಿಯರು ಊರಿಗೊಬ್ಬರಾದರೂ ಸಿಗುತ್ತಾರೆ. ಡಾಕ್ಟರು ಕೈಕೊಟ್ಟರು ಅಂತ ಬೈಯುವ ಮೊದಲು ಒಂದು ಮಾತು ತಿಳಿಯಬೇಕು. ಇಂಥವರ ಕಣ್ಣಿಗೆ ಪೊರೆಯ ಜೊತೆ ಗ್ಲಾಕೋಮಾವೂ ಅಂಟಿಕೊಂಡಿರಬಹುದು.

ಪೊರೆ ಎಂದರೆ ಕಣ್ಣೊಳಗಿನ ಮಸೂರ ಮಬ್ಬಾಗುವುದು. ಅದನ್ನು ತೆಗೆದು ಹೊಸ ಲೆನ್ಸ್ ಕೂರಿಸಿದರೆ ಬೆಳಕು ಮರಳುತ್ತದೆ. ಗ್ಲಾಕೋಮಾ ಹಾಗಲ್ಲ. ಸಾಮಾನ್ಯವಾಗಿ ಕಣ್ಣೊಳಗಿನ ನೀರು ಸರಿಯಾಗಿ ಹೊರಹೋಗದೆ ಒತ್ತಡ ಏರುತ್ತದೆ, ನರ ಸದ್ದಿಲ್ಲದೆ ಸಾಯುತ್ತದೆ. ಹೋದ ದೃಷ್ಟಿ ಹೋಯಿತು. ಉಳಿದದ್ದನ್ನು ಕಾಪಾಡಿಕೊಳ್ಳಬೇಕು, ಅಷ್ಟೇ.

ಎರಡೂ ಇದ್ದವರಿಗೆ ದಾರಿ ಯಾವುದು? ಮುಖ್ಯವಾಗಿ ಮೂರಿವೆ.

ಮೊದಲನೆಯದು, ಬರೀ ಪೊರೆ ಆಪರೇಷನ್. ಗ್ಲಾಕೋಮಾ ಆರಂಭದಲ್ಲಿದ್ದು, ಡ್ರಾಪ್ಸ್‌ಗೆ ಒತ್ತಡ ಹತೋಟಿಯಲ್ಲಿದ್ದರೆ ಇದೇ ಸಾಕಾಗಬಹುದು. ಒತ್ತಡವೂ ಕೊಂಚ ಇಳಿಯುತ್ತದೆ. ನೀರು ಹೋಗುವ ಮೂಲೆ ಕಿರಿದಾಗಿರುವವರಿಗಂತೂ ದಪ್ಪಗಾದ ಮಸೂರ ತೆಗೆದರೆ ದಾರಿ ಅಗಲವಾಗುತ್ತದೆ. ಇತ್ತೀಚೆಗೆ ಪೊರೆ ತೆಗೆಯುವಾಗಲೇ ಪುಟ್ಟ ಕೊಳವೆ ಕೂರಿಸುವುದೂ ಇದೆ. ಬಲಿತ ಗ್ಲಾಕೋಮಾಗೆ ಅದು ಸಾಲದು.

ಎರಡನೆಯದು, ಒಂದೇ ಸಲಕ್ಕೆ ಎರಡೂ. ಪೊರೆ ತೆಗೆದು, ನೀರು ಹರಿಯಲು ಕಣ್ಣಿನ ಬಿಳಿಭಾಗದಲ್ಲಿ ಕಿಂಡಿ ಮಾಡುತ್ತಾರೆ. 1968ರಲ್ಲಿ ಇಂಗ್ಲೆಂಡಿನ ಕೇರ್ನ್ಸ್ ವಿವರಿಸಿದ ಈ ಕಿಂಡಿ ವಿಧಾನಕ್ಕೆ ಟ್ರಾಬೆಕ್ಯುಲೆಕ್ಟಮಿ ಎಂದು ಹೆಸರು. ಎರಡು ಸಲ ಮಲಗುವುದು ತಪ್ಪುತ್ತದೆ. ಆದರೆ ಚೇತರಿಕೆ ನಿಧಾನ, ತಪಾಸಣೆಗೆ ಓಡಾಟ ಜಾಸ್ತಿ.

ಮೂರನೆಯದು, ಗ್ಲಾಕೋಮಾ ಮೊದಲು, ಪೊರೆ ಆಮೇಲೆ. ಒತ್ತಡ ಮಿತಿಮೀರಿ ನರಕ್ಕೇ ಕುತ್ತು ಬಂದಾಗ ಕಾಯುವಂತಿಲ್ಲ. ಇದರಲ್ಲಿ ಪೊರೆ ಬೇಗ ಬಲಿಯುತ್ತದೆ. ಮುಂದೆ ಪೊರೆ ತೆಗೆಸಿದಾಗ ಕಿಂಡಿ ಕಟ್ಟಿಕೊಳ್ಳಲೂಬಹುದು.

ಯಾವುದು ಯಾರಿಗೆ ಎಂಬುದನ್ನು ಡಾಕ್ಟರೇ ಹೇಳಬೇಕು, ಪಕ್ಕದ ಅಂಗಡಿಯವರಲ್ಲ. ಆದರೆ ಕೇಳುವ ಹಕ್ಕು ನಿಮ್ಮದು. ಪೊರೆಗೆ ದಿನ ಗೊತ್ತು ಮಾಡುವ ಮೊದಲೇ ಕೇಳಿ: ‘ಕಣ್ಣಿನ ಪ್ರೆಶರ್ ಎಷ್ಟಿದೆ? ನರ ಹೇಗಿದೆ? ಪಕ್ಕದ ನೋಟ ಪರೀಕ್ಷೆ ಮಾಡಿದ್ರಾ?’ ಆಪರೇಷನ್ ಆಯ್ತಲ್ಲ ಅಂತ ಗ್ಲಾಕೋಮಾದ ಡ್ರಾಪ್ಸನ್ನು ನೀವಾಗಿಯೇ ನಿಲ್ಲಿಸಬೇಡಿ. ಮನೆಯಲ್ಲಿ ಒಬ್ಬರಿಗೆ ಗ್ಲಾಕೋಮಾ ಇದ್ದರೆ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳೂ ಕಣ್ಣು ತೋರಿಸಿಕೊಳ್ಳಲಿ.

ಅರ್ಧ ದಿನ ಅಂಗಡಿ ಮುಚ್ಚಿದರೆ ಮಾರನೇ ದಿನ ಬಾಗಿಲು ತೆಗೆಯಬಹುದು. ಗ್ಲಾಕೋಮಾ ಮುಚ್ಚಿದ ಬಾಗಿಲಿಗೆ ಬೀಗದಕೈ ಯಾರ ಹತ್ತಿರವೂ ಇಲ್ಲ.