ಬಿಸಿಲ ನಾಡಿನಲ್ಲೊಂದು ಆಟದ ಯಂತ್ರ

ಸಿರುಗುಪ್ಪದ ಒಂದು ಮನೆಯ ಪಡಸಾಲೆಯನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಲಿ. ಸಂಜೆಯ ಹೊತ್ತು. ಭತ್ತ ಮಾರಿದ ಹಣ ಕೈಗೆ ಬಂದಿದೆ. ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮಗ ರಜೆಗೆಂದು ಊರಿಗೆ ಬಂದಿದ್ದಾನೆ. ಎರಡು ದಿನ ಹಿಂದುಮುಂದು ನೋಡಿದವನು ಮೂರನೆಯ ದಿನ ಧೈರ್ಯಮಾಡಿ ಒಂದು ಚೀಟಿಯನ್ನು ತಂದೆಯ ಮುಂದಿಡುತ್ತಾನೆ.

“ಇದೇನಪ್ಪಾ ಇದು, ಕಿರಾಣಿ ಪಟ್ಟಿ ಇದ್ದಂಗಿದೆ?”

“ಕಂಪ್ಯೂಟರಿನ ಬಿಡಿಭಾಗಗಳು, ಅಪ್ಪಾ. ಎಲ್ಲಾ ಸೇರಿ ಎರಡು ಲಕ್ಷದೊಳಗೆ ಆಗಬೇಕು.”

“ಓದಾಕೋ, ಆಡಾಕೋ?”

“ಎರಡಕ್ಕೂ” ಎಂದು ಮಗ ಹೇಳಿದನಾದರೂ, ಎರಡನೆಯದರ ಕಡೆಗೇ ಅವನ ಒಲವೆಂಬುದು ದನಿಯಿಂದಲೇ ತಿಳಿಯುತ್ತದೆ.

ಇಂತಹ ಸಂಭಾಷಣೆ ಇಂದು ಸಿರುಗುಪ್ಪದಲ್ಲಿ ಮಾತ್ರವಲ್ಲ, ಬಳ್ಳಾರಿಯಲ್ಲಿಯೂ ಕುರುಗೋಡಿನಲ್ಲಿಯೂ ಯಾವ ಮನೆಯಲ್ಲಾದರೂ ನಡೆಯಬಹುದಾದುದು. ಎರಡು ಲಕ್ಷವೆಂಬುದು ಸಣ್ಣ ಮೊತ್ತವಲ್ಲ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರವು ಸಾಮಾನ್ಯ ಭತ್ತಕ್ಕೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಆ ಲೆಕ್ಕದಲ್ಲಿ ಮಗನ ಚೀಟಿಯ ತೂಕ 84 ಕ್ವಿಂಟಲ್ ಭತ್ತ! ತುಂಗಭದ್ರೆಯ ಕಾಲುವೆಯ ನೀರನ್ನೇ ನಂಬಿದ ಸೀಮೆ ಇದು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಇಲ್ಲಿನ ರೈತರ ಎದೆ ಎಷ್ಟು ಹೊಡೆದುಕೊಂಡಿತೆಂಬುದನ್ನು ಯಾರೂ ಮರೆತಿಲ್ಲ. ಅಂತಹ ಹಣವನ್ನು ಆಟದ ಯಂತ್ರಕ್ಕೆ ಸುರಿಯುವ ಮೊದಲು ತಂದೆ ನಾಲ್ಕು ಪ್ರಶ್ನೆ ಕೇಳಿದರೆ ತಪ್ಪೇನು?

ಯಾವ ಆಟ?

ಹಿರಿಯರ ಮೊದಲ ಭಯವೆಂದರೆ ಜೂಜು. ಆದರೆ ಹಣ ಕಟ್ಟಿ ಆಡುವ ಆಟವೇ ಬೇರೆ, ಈ ಯಂತ್ರದ ಆಟಗಳೇ ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಹಣ ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಎಂಬ ಸ್ಪರ್ಧಾತ್ಮಕ ಆಟಗಳಿಗೆ ಪ್ರೋತ್ಸಾಹ ನೀಡಿತು. 2023ರಲ್ಲಿ ಚೀನದ ಹಾಂಗ್‌ಝೌ ನಗರದಲ್ಲಿ ಜರುಗಿದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್‌ಗೆ ಪದಕಗಳೂ ಇದ್ದವು.

ಗಣಕಯಂತ್ರದ ಮೇಲಿನ ಆಟ ಇಂದಿನದೂ ಅಲ್ಲ. 1962ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ತರುಣರು ‘ಸ್ಪೇಸ್‌ವಾರ್’ ಎಂಬ ಆಟವನ್ನು ರಚಿಸಿ ಪಿಡಿಪಿ-1 ಎಂಬ ಯಂತ್ರದ ಮೇಲೆ ಆಡಿದರು. ಆ ಯಂತ್ರದ ಬೆಲೆ ಅಂದಿಗೆ 1,20,000 ಡಾಲರುಗಳು. ಅಂದು ವಿಶ್ವವಿದ್ಯಾಲಯಕ್ಕೆ ಮಾತ್ರ ನಿಲುಕುತ್ತಿದ್ದುದು ಇಂದು ಸಿರುಗುಪ್ಪದ ಪಡಸಾಲೆಗೆ ಬರಲು ಸಿದ್ಧವಾಗಿದೆ. ಅದಕ್ಕಿಂತ ಸ್ವಾರಸ್ಯದ ಸಂಗತಿ ಮತ್ತೊಂದುಂಟು. ಇಂತಹ ಯಂತ್ರಗಳ ಮಿದುಳನ್ನು ತಯಾರಿಸುವ ಎಎಂಡಿ ಸಂಸ್ಥೆಯು ತನ್ನ ಅತಿದೊಡ್ಡ ವಿನ್ಯಾಸಕೇಂದ್ರವನ್ನು 2023ರ ನವೆಂಬರ್‌ನಲ್ಲಿ ತೆರೆದುದು ನಮ್ಮ ಬೆಂಗಳೂರಿನಲ್ಲಿಯೇ.

ಅಳತೆ ಕೊಟ್ಟು ಹೊಲಿಸಿದ ಉಡುಪು

“ಅಂಗಡಿಯಲ್ಲಿ ಜೋಡಿಸಿದ್ದೇ ಸಿಗುತ್ತದಲ್ಲ, ಬಿಡಿಭಾಗಗಳ ಗೊಡವೆ ಏಕೆ?” ಎಂದು ತಾಯಿ ಕೇಳಬಹುದು. ಜೀನ್ಸ್ ಉಡುಪಿಗೆ ಹೆಸರಾದ ಬಳ್ಳಾರಿಯವರಿಗೆ ಉತ್ತರ ಹೇಳುವುದು ಸುಲಭ. ಸಿದ್ಧ ಉಡುಪು ಎಲ್ಲರ ಮೈಗೂ ಸರಿಸುಮಾರು ಹೊಂದುತ್ತದೆ. ಅಳತೆ ಕೊಟ್ಟು ಹೊಲಿಸಿದ್ದು ಒಬ್ಬನ ಮೈಗೆ ಸರಿಯಾಗಿ ಹೊಂದುತ್ತದೆ. ಜೋಡಿಸಿಟ್ಟ ಯಂತ್ರಗಳಲ್ಲಿ ಎದುರಿಗೆ ಕಾಣುವ ಭಾಗಕ್ಕೆ ಹಣ ಸುರಿದು, ಕಾಣದ ಭಾಗದಲ್ಲಿ ಕೈಬಿಗಿ ಹಿಡಿದಿರುವುದುಂಟು.

ಅಳತೆ ಎಲ್ಲಿಂದ ಆರಂಭಿಸಬೇಕು? ಪೆಟ್ಟಿಗೆಯಿಂದಲ್ಲ, ಪರದೆಯಿಂದ. ಪರದೆಯ ಮೇಲಿನ ಚಿತ್ರ ಸಣ್ಣ ಸಣ್ಣ ಚುಕ್ಕೆಗಳಿಂದಾದುದು. ಸಾಮಾನ್ಯವಾದ 1920×1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳು, 2560×1440ರದರಲ್ಲಿ 36.9 ಲಕ್ಷ, 4ಕೆ ಎಂದು ಕರೆಯುವ 3840×2160ರದರಲ್ಲಿ 82.9 ಲಕ್ಷ. ಸೆಕೆಂಡಿಗೆ 144 ಬಾರಿ ಚಿತ್ರ ಬದಲಾಯಿಸುವ ಪರದೆಯಾದರೆ, ಒಂದೊಂದು ಚಿತ್ರವನ್ನು ಬರೆದು ಮುಗಿಸಲು ಯಂತ್ರಕ್ಕೆ ದೊರೆಯುವ ಸಮಯ ಸೆಕೆಂಡಿನ ಸಾವಿರದ ಏಳು ಭಾಗದಷ್ಟೂ ಇಲ್ಲ. 4ಕೆ ಪರದೆಯ ಆಸೆಗೆ ಬಿದ್ದವನು ಅದನ್ನು ತುಂಬಿಸಲು ಇಮ್ಮಡಿ ಬೆಲೆಯ ಕಾರ್ಡನ್ನೂ ಕೊಳ್ಳಬೇಕಾದೀತು. ಆದುದರಿಂದ ಮೊದಲ ಬಾರಿಗೆ ಕೊಳ್ಳುವವರಿಗೆ ನಡುವಿನ 1440ರ ಪರದೆಯೇ ಹಿತವಾದ ಆಯ್ಕೆ.

ದೊಡ್ಡ ತುತ್ತು

ಚಿತ್ರ ಬರೆಯುವ ಕೆಲಸ ಗ್ರಾಫಿಕ್ಸ್ ಕಾರ್ಡಿನದು. ಹಣದ ದೊಡ್ಡ ತುತ್ತು ಹೋಗುವುದೂ ಇದಕ್ಕೇ. 2025ರ ಜನವರಿಯಲ್ಲಿ ಎನ್‌ವಿಡಿಯಾ ಸಂಸ್ಥೆಯು ತನ್ನ ಹೊಸ ಸಾಲನ್ನು ಪ್ರಕಟಿಸಿದಾಗ ಭಾರತದಲ್ಲಿನ ಆರಂಭ ಬೆಲೆ ಹೀಗಿತ್ತು: ಆರ್‌ಟಿಎಕ್ಸ್ 5070ಕ್ಕೆ 59,000 ರೂಪಾಯಿ, 5070 ಟಿಐಗೆ 80,000, 5080ಕ್ಕೆ 1,07,000, 5090ಕ್ಕೆ 2,14,000. ಕೊನೆಯದು ಒಂದೇ ಈ ಮನೆಯ ಇಡೀ ಗಂಟನ್ನು ನುಂಗಿ ನೀರು ಕುಡಿಯುತ್ತದೆ.

ಮಗನ ಚೀಟಿಯಲ್ಲಿದ್ದುದು 5080. ಎಂದರೆ ಅರ್ಧಕ್ಕೂ ಹೆಚ್ಚು ಹಣ ಒಂದೇ ಭಾಗಕ್ಕೆ. ಉಳಿದುದಕ್ಕೆ ಏನು ಮಾಡುವುದು? ಇಂತಹ ಪಟ್ಟಿಯಲ್ಲಿ ಕಾರ್ಡಿಗೆ ನೂರಕ್ಕೆ ಮೂವತ್ತೈದರಿಂದ ನಲವತ್ತು ರೂಪಾಯಿ ಮೀಸಲಿಡುವುದು ವಿವೇಕ. ಹಾಗೆ ನೋಡಿದರೆ 5070 ಟಿಐ ಸರಿಯಾಗಿ ಕೂಡುತ್ತದೆ. 5080ರಲ್ಲಿರುವಂತೆಯೇ ಅದರಲ್ಲಿಯೂ 16 ಜಿಬಿ ಸ್ವಂತ ಸ್ಮೃತಿಯುಂಟು.

ಕಡಮೆ ಬೆಲೆಗೆ ಸಿಕ್ಕಿತೆಂದು ಬಳಸಿದ ಕಾರ್ಡಿಗೆ ಮರುಳಾಗುವವರು ಒಂದು ಮಾತನ್ನು ನೆನಪಿಡಬೇಕು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಡಿಜಿಟಲ್ ನಾಣ್ಯವು ತನ್ನ ಪದ್ಧತಿಯನ್ನು ಬದಲಿಸಿದಾಗ, ಅಲ್ಲಿಯವರೆಗೆ ಹಗಲಿರುಳು ಅದರ ಗಣಿಗಾರಿಕೆಯಲ್ಲಿ ಬೆಂದಿದ್ದ ಅಸಂಖ್ಯ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಗಣಿಯ ನಾಡಿನವರಿಗೆ ಗಣಿಯಲ್ಲಿ ದುಡಿದ ಲಾರಿಯ ಸ್ಥಿತಿಯನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಒಲೆಯ ಬಳಿಯ ಮಸಾಲೆ ಡಬ್ಬಿ

ಮಿದುಳಿನ ಕೆಲಸ ಪ್ರೊಸೆಸರಿನದು. ಮಗ ಬರೆದುದು ರೈಜನ್ 7 9800ಎಕ್ಸ್3ಡಿ. 2024ರ ನವೆಂಬರ್‌ನಲ್ಲಿ ಬಂದುದು, ಆಟಗಾರರ ಮೆಚ್ಚಿಕೆಯದು. ಅದರ ಗುಟ್ಟೆಲ್ಲ ಇರುವುದು ಒಳಗೇ ಅಡಕಿರುವ 96 ಎಂಬಿ ಕ್ಯಾಶ್ ಸ್ಮೃತಿಯಲ್ಲಿ. ಸಾಸಿವೆ ಜೀರಿಗೆಗಾಗಿ ಪ್ರತಿ ಬಾರಿ ಉಗ್ರಾಣಕ್ಕೆ ಓಡುವ ಬದಲು ದೊಡ್ಡ ಮಸಾಲೆ ಡಬ್ಬಿಯನ್ನು ಒಲೆಯ ಬಳಿಯಲ್ಲಿಯೇ ಇಟ್ಟುಕೊಂಡ ಗೃಹಿಣಿಯ ಜಾಣ್ಮೆ ಅದು.

ಆದರೆ 1440ರ ಪರದೆಯಲ್ಲಿ, ಚಿತ್ರದ ಅಂದವನ್ನು ಹೆಚ್ಚಿಸಿಕೊಂಡು ಆಡುವಾಗ, ಹೊರೆಯ ಬಹುಭಾಗ ಬೀಳುವುದು ಕಾರ್ಡಿನ ಮೇಲೆ. ಆರು ಕೋರ್‌ಗಳ ರೈಜನ್ 5 9600ಎಕ್ಸ್ ಇಂದಿನ ಮಟ್ಟಿಗೆ ಸಾಕು. ಇವೆರಡೂ ಕೂರುವುದು ಎಎಂ5 ಎಂಬ ಒಂದೇ ಬಗೆಯ ಪೀಠದಲ್ಲಿ. 2027ರವರೆಗೂ ಅದರಾಚೆಗೂ ಈ ಪೀಠವನ್ನು ಮುಂದುವರಿಸುವುದಾಗಿ ಎಎಂಡಿ ಮಾತು ಕೊಟ್ಟಿದೆ. ಎರಡು ಮೂರು ವರ್ಷಗಳ ಬಳಿಕ ಹುಡುಗ ತನ್ನ ಸ್ವಂತ ಸಂಪಾದನೆಯಿಂದ ಪ್ರೊಸೆಸರನ್ನು ಮಾತ್ರ ಬದಲಿಸಿದರಾಯಿತು. ಇಂದೇ ಎಲ್ಲವನ್ನೂ ಕೊಳ್ಳಬೇಕೆಂಬ ಹಟವೇ ಮೊದಲ ಪಟ್ಟಿಗಳ ದೊಡ್ಡ ದೋಷ.

ರ‍್ಯಾಮಿನ ವಿಷಯದಲ್ಲಿ ಕಾಲ ಕೆಟ್ಟಿದೆ. ಕೃತಕ ಬುದ್ಧಿಮತ್ತೆಯ ಮಹಾ ದತ್ತಾಂಶ ಕೇಂದ್ರಗಳು ಸ್ಮೃತಿಯ ಚಿಪ್ಪುಗಳನ್ನು ರಾಶಿರಾಶಿಯಾಗಿ ಕೊಳ್ಳತೊಡಗಿದುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಅದರ ಬೆಲೆ ಹಿಂದೆಂದೂ ಕಾಣದಂತೆ ಏರಿತು. ಆದರೂ 32 ಜಿಬಿಯ ಡಿಡಿಆರ್5 ಇದ್ದರೆ ಓದಿಗೂ ಆಟಕ್ಕೂ ನೆಮ್ಮದಿ. ಬಣ್ಣದ ದೀಪ ಮಿನುಗುವ ಜೋಡಿಗೆ ಹೆಚ್ಚು ತೆರಬೇಕಿಲ್ಲ. ದೀಪದಿಂದ ವೇಗ ಹೆಚ್ಚದು.

ಎರಡೇ ಕಾಲದ ಊರು

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂಬ ಹಾಸ್ಯೋಕ್ತಿಯುಂಟು. ಬೆಂಗಳೂರಿನವರ ಪಟ್ಟಿಯನ್ನು ಇಲ್ಲಿ ಕಣ್ಣು ಮುಚ್ಚಿ ನಕಲು ಮಾಡಬಾರದೆಂಬುದಕ್ಕೆ ಕಾರಣವೇ ಇದು. ಯಂತ್ರದೊಳಗಿನ ಪಂಖಗಳು ಕೋಣೆಯ ಗಾಳಿಯನ್ನೇ ಊದುತ್ತವೆಯಲ್ಲದೆ ತಂಪನ್ನು ಹುಟ್ಟಿಸುವುದಿಲ್ಲ. ಒಂದು ಪ್ರೊಸೆಸರು ಕೋಣೆಯ ಉಷ್ಣಕ್ಕಿಂತ 50 ಡಿಗ್ರಿ ಮೇಲೇರಿ ಕೆಲಸ ಮಾಡುವುದೆಂದಿಟ್ಟುಕೊಂಡರೆ, 26 ಡಿಗ್ರಿಯ ಕೋಣೆಯಲ್ಲಿ ಅದು 76ಕ್ಕೆ ನಿಲ್ಲುತ್ತದೆ. 41 ಡಿಗ್ರಿಯ ಕೋಣೆಯಲ್ಲಿ 91ಕ್ಕೆ ಮುಟ್ಟುತ್ತದೆ. 9600ಎಕ್ಸ್ ತಾಳುವ ಮಿತಿ 95. ಮಿತಿ ತಲಪಿದ ಪ್ರೊಸೆಸರು ಸುಟ್ಟುಹೋಗುವುದಿಲ್ಲ, ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಗ ಹೆಚ್ಚಿಗೆ ಹಣ ತೆತ್ತು ಕೊಂಡ ವೇಗ ಎಲ್ಲಿ ಹೋಯಿತು?

ಕುರುಗೋಡಿನ ಬೆಟ್ಟದ ಬಂಡೆಗಳು ಹಗಲೆಲ್ಲ ಹೀರಿದ ಬಿಸಿಲನ್ನು ಇರುಳಿನಲ್ಲಿ ಮೆಲ್ಲಮೆಲ್ಲನೆ ಹೊರಬಿಡುವುದನ್ನು ಅಲ್ಲಿನವರು ಬಲ್ಲರು. ಪ್ರೊಸೆಸರಿನ ಮೇಲಿನ ಲೋಹದ ಕೂಲರು ಮಾಡುವುದೂ ಅದೇ ಕೆಲಸ, ಆದರೆ ಕ್ಷಣಕ್ಷಣಕ್ಕೂ ಮಾಡಬೇಕು. ಅದಕ್ಕೆ ಗಾಳಿ ಬೇಕು. ಮುಂಭಾಗವೆಲ್ಲ ಗಾಜಿನದಾದ ಕ್ಯಾಬಿನೆಟ್ಟು ನೋಟಕ್ಕೆ ಚೆಲುವಾದರೂ ಈ ಸೀಮೆಗೆ ಸಲ್ಲದು. ಮುಂದೆ ಜಾಲರಿಯಿದ್ದು, ತೆಗೆದು ತೊಳೆಯಬಹುದಾದ ಧೂಳಿನ ಸೋಸು ಇರುವುದನ್ನೇ ಆರಿಸಬೇಕು. ಎರೆಯ ಹೊಲದ ಧೂಳು, ಅದಿರಿನ ಲಾರಿಗಳ ಕೆಂಪು ಧೂಳು ಎರಡನ್ನೂ ಕಂಡ ಊರು ಇದು. ತಿಂಗಳಿಗೊಮ್ಮೆ ಸೋಸನ್ನು ತೊಳೆಯುವುದು ಮನೆಯ ಕಸ ಗುಡಿಸಿದಷ್ಟೇ ಅಗತ್ಯ. ಪೆಟ್ಟಿಗೆಯನ್ನು ನೆಲದ ಮೇಲಾಗಲಿ ಗೋಡೆಯ ಗೂಡಿನೊಳಗಾಗಲಿ ಇಡಬಾರದು.

ಕಾಣದ ಭಾಗಗಳು

ಮಗನ ಚೀಟಿಯಲ್ಲಿ ಕಟ್ಟಕಡೆಗೆ, ಸಣ್ಣ ಅಕ್ಷರದಲ್ಲಿ ಬರೆದುದು ಎಸ್‌ಎಂಪಿಎಸ್. ಬರೆಯದೆ ಬಿಟ್ಟುದು ಯುಪಿಎಸ್. ಬಳ್ಳಾರಿಯ ಪಕ್ಕದ ಕುಡಿತಿನಿಯಲ್ಲಿ 1,700 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರವಿದೆ, ನಿಜ. ಆದರೆ ಗುಡುಗು ಮಿಂಚಿನ ಸಂಜೆ ಹಳ್ಳಿಯ ತಂತಿಯಲ್ಲಿ ಕರೆಂಟು ಹೋಗಿ ಬರುವುದನ್ನು ಯಾರು ತಡೆದಾರು? 5070 ಟಿಐ ಒಂದೇ 300 ವ್ಯಾಟ್ ಬೇಡುತ್ತದೆ. ಅದಕ್ಕೆ 750 ವ್ಯಾಟಿನ ಎಸ್‌ಎಂಪಿಎಸ್ ಇರಲೆಂದು ತಯಾರಕರೇ ಸೂಚಿಸುತ್ತಾರೆ. ಹೆಸರಿಲ್ಲದ ಅಗ್ಗದ ಎಸ್‌ಎಂಪಿಎಸ್ ಕೆಟ್ಟರೆ ತಾನೊಂದೇ ಕೆಡದೆ ಜೊತೆಯವನ್ನೂ ಕೆಡಿಸಬಹುದು.

ಸಾಮಾನ್ಯವಾಗಿ ಮನೆಗಳಲ್ಲಿ ಕಾಣುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಪರದೆಯೂ ಸೇರಿ 500 ವ್ಯಾಟಿನತ್ತ ಹೋಗುವ ಈ ಯಂತ್ರಕ್ಕೆ ಅದು ಸಾಲದು. 600 ವ್ಯಾಟಿಗೆ ಕಡಮೆಯಿಲ್ಲದ್ದು ಬೇಕು. ಕೊಳ್ಳುವ ಮೊದಲು ಮನೆಯ ಅರ್ಥಿಂಗನ್ನು ಎಲೆಕ್ಟ್ರಿಷಿಯನ್ನಿಂದ ಪರೀಕ್ಷಿಸಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ವಿಮೆ.

ಗೃಹಿಣಿಯರು ಗಮನಿಸಬೇಕಾದ ಲೆಕ್ಕವೊಂದು ಉಳಿದಿದೆ. 500 ವ್ಯಾಟಿನ ಯಂತ್ರವನ್ನು ದಿನಕ್ಕೆ ನಾಲ್ಕು ಗಂಟೆ ನಡೆಸಿದರೆ ತಿಂಗಳಿಗೆ 60 ಯೂನಿಟ್. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿಗೆ ಮನೆಮನೆಗೂ ಒಂದು ಮಿತಿ. ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ಣ ಬಿಲ್ಲನ್ನೇ ಕಟ್ಟಬೇಕು. 150 ಯೂನಿಟ್ ಬಳಸುವ ಮನೆ ಈ ಯಂತ್ರ ಬಂದ ಮೇಲೆ 210ಕ್ಕೆ ಏರುತ್ತದೆ! ಆಟಕ್ಕೆ ಗಂಟೆಯ ಕಟ್ಟುಪಾಡು ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ವಾದ ತಾಯಿಗೆ ದೊರೆಯಲಾರದು.

ಎಲ್ಲಿ ಕೊಳ್ಳುವುದು?

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆಯ್ಕೆ ಹೆಚ್ಚು, ಚೌಕಾಸಿಗೂ ಎಡೆಯುಂಟು. ಆದರೆ ಕೆಟ್ಟ ಭಾಗವನ್ನು ಹೊತ್ತು ಮುನ್ನೂರು ಕಿಲೋಮೀಟರ್ ಹೋಗುವವರಾರು? ಕಾರ್ಡನ್ನೂ ಪ್ರೊಸೆಸರನ್ನೂ ಎಲ್ಲಿಯೇ ಕೊಂಡರೂ, ಎಸ್‌ಎಂಪಿಎಸ್, ಯುಪಿಎಸ್, ಪರದೆಗಳನ್ನು ಬಳ್ಳಾರಿಯಲ್ಲಿಯೇ ಕೊಳ್ಳುವುದು ಲೇಸು. ನಾಲ್ಕು ಕಾಸು ಹೆಚ್ಚಾದರೂ ಕರೆದರೆ ಓಗೊಡುವ ಅಂಗಡಿಯವನಿರುತ್ತಾನೆ. ಜಿಎಸ್‌ಟಿ ಬಿಲ್ಲು, ಅದರ ಮೇಲೆ ಕ್ರಮಸಂಖ್ಯೆ, ಪೆಟ್ಟಿಗೆಗಳು, ಇವನ್ನು ವಾರಂಟಿ ಮುಗಿಯುವವರೆಗೆ ಜೋಪಾನ ಮಾಡತಕ್ಕದ್ದು.

ಜೋಡಿಸುವಾಗ ಅವಸರ ಸಲ್ಲದು. ಎಎಂ5ರಲ್ಲಿ ಸೂಜಿಯಂತಹ ಪಿನ್ನುಗಳಿರುವುದು ಮದರ್‌ಬೋರ್ಡಿನಲ್ಲಿ. ಒಂದು ಬಾಗಿದರೂ ಬೋರ್ಡು ಕೆಟ್ಟಂತೆಯೇ. ಎಲ್ಲ ಮುಗಿದ ಮೇಲೆ ಪರದೆಯ ತಂತಿಯನ್ನು ಮದರ್‌ಬೋರ್ಡಿಗೆ ಸಿಕ್ಕಿಸಿ, “ಇಷ್ಟು ಹಣ ಕೊಟ್ಟರೂ ಆಟ ತಡವರಿಸುತ್ತದೆ” ಎಂದು ಪೇಚಾಡುವ ಹೊಸಬರಿದ್ದಾರೆ. ಆ ತಂತಿ ಸೇರಬೇಕಾದುದು ಕಾರ್ಡಿಗೆ. 144ರ ಪರದೆಯನ್ನು ತಂದು, ವಿಂಡೋಸ್‌ನಲ್ಲಿ 60ಕ್ಕೇ ಬಿಟ್ಟು ತಿಂಗಳುಗಟ್ಟಲೆ ಆಡಿದವರೂ ಉಂಟು.

ಮತ್ತೆ ಸಿರುಗುಪ್ಪದ ಪಡಸಾಲೆಗೆ ಬರುವ. ಕುರುಗೋಡಿನಿಂದ ಸೋದರಮಾವನೂ ಬಂದಿದ್ದಾನೆ. ಚೀಟಿಯ ಮೇಲೆ ಗೆರೆಗಳು ಬಿದ್ದಿವೆ. 5080 ಹೋಗಿ 5070 ಟಿಐ ಬಂದಿದೆ. 9800ಎಕ್ಸ್3ಡಿ ಮುಂದಿನ ವರ್ಷಗಳಿಗೆ ಹೋಗಿದೆ. ಗಾಜಿನ ಕ್ಯಾಬಿನೆಟ್ಟು ಅಳಿಸಿಹೋಗಿದೆ. ಕಡೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ‘ಯುಪಿಎಸ್, ಅರ್ಥಿಂಗ್’ ಎಂದು ಸೇರಿದೆ. ತಂದೆ ಚೀಟಿಯನ್ನು ಎರಡು ಬಾರಿ ಓದಿ, ಮಡಿಸಿ ಜೇಬಿನಲ್ಲಿಡುತ್ತಾನೆ.

“ಸೋಮವಾರ ಬಳ್ಳಾರಿಗೆ ಹೋಗಿ ಕೇಳೋಣ. ಅರ್ಥಿಂಗ್ ಮಾಡೋನನ್ನ ನಾಳೆನೇ ಕರಸ್ತೀನಿ.”

ಮಗನ ಮುಖ ಅರಳುವಷ್ಟರಲ್ಲಿ ಅಡುಗೆಮನೆಯಿಂದ ತಾಯಿಯ ದನಿ ಕೇಳುತ್ತದೆ:

“ನಂದೂ ಒಂದು ಆ ಚೀಟ್ಯಾಗೆ ಬರಕೊಳ್ರೀ. ಊಟಕ್ಕೆ ಕರೆದ್ರೆ ಒಂದೇ ಕೂಗಿಗೆ ಎದ್ದು ಬರಬೇಕು!”